ಅಪ್‌ಡೇಟ್: ಸೆಲ್ಫ್ ನಿಧಾನಕ್ಕೆ ತಿರುಗುತ್ತಿದ್ದ ಕಾರು ಸರಿಹೋಯಿತು

ಹೋದ ವಾರ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ, ಬ್ಯಾಟರಿ ಹೊಸದು, ಆದರೂ ಬೆಳಿಗ್ಗೆ ಇಂಜಿನ್ 'ಉಂಯ್... ಉಂಯ್...' ಅಂತ ಏದುಸಿರು ಬಿಡುತ್ತೆ ಅಂತ. ಕಾರಣ ಸಿಕ್ಕಿತು.

ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ಸೀದಾ ಸೆಲ್ಫ್ ಮೋಟಾರ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ಬದಲಿಸಿ ಅಂದಿದ್ದರು. ನೀವು ಹೇಳಿದಂತೆ ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್. ಮಗಳು ಕೀ ತಿರುಗಿಸಿದಾಗ 11ರ ಹತ್ತಿರ. ಅಂದರೆ ಬ್ಯಾಟರಿ ಸೋತಿಲ್ಲ.

ಆಮೇಲೆ ಮೀಟರಿನ ಒಂದು ವೈರು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿದೆ. ಸೆಲ್ಫ್ ಹೊಡೆದಾಗ 1.4 ವೋಲ್ಟ್! ಅಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ಬರಲೇಬಾರದು, ಬಂದರೆ ಆ ದಾರಿಯಲ್ಲಿ ಕರೆಂಟಿಗೆ ಅಡ್ಡಿ ಇದೆ ಅಂತ ಅರ್ಥ. ಬ್ಯಾಟರಿಯ ಮೈನಸ್‌ನಿಂದ ಇಂಜಿನ್‌ಗೆ ಹೋಗುವ ಅರ್ತ್ ಕೇಬಲ್ ಬಿಚ್ಚಿದರೆ ಬೋಲ್ಟಿನ ಅಡಿಯಲ್ಲಿ ಬರೀ ತುಕ್ಕು. ಹೊರಗಿನಿಂದ ಸುಮ್ನೆ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಹಾರ್ನ್, ಲೈಟಿಗೆ ಕೆಲವೇ ಆಂಪಿಯರ್ ಸಾಕು, ಅದಕ್ಕೇ ಅವು ಚೆನ್ನಾಗಿದ್ದವು. ಸೆಲ್ಫಿಗೆ ನೂರಕ್ಕೂ ಜಾಸ್ತಿ ಬೇಕು, ಅಲ್ವಾ?

ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿದೆ. ಈಗ 0.1 ವೋಲ್ಟ್, ಒಂದೇ ಏಟಿಗೆ ಸ್ಟಾರ್ಟ್. ಕೀ ತಿರುಗಿಸಿದ ಕೂಲಿ ಅಂತ ಮಗಳು ಬೆಣ್ಣೆ ದೋಸೆ ಕೇಳುತ್ತಿದ್ದಾಳೆ.