ಪುಟ್ಟಿಯ ‘ಸೆಟ್’ ಪ್ರಶ್ನೆಗೆ

ಪುಟ್ಟಿ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಡಿಕ್ಷನರಿಯಲ್ಲಿ ‘ಸೆಟ್’ ತೆಗೆದರೆ ಅರ್ಥಗಳು ಮುಗಿಯುವುದೇ ಇಲ್ಲ, ಯಾವುದನ್ನು ಅಂತ ಓದಲಿ ಮಾವ ಅಂತ ಕೇಳಿದ್ದೀಯ. ಅದರ ಕೆಳಗೆ ಭಾವ, ‘ಇಂಗ್ಲಿಷಿನವರಿಗೆ ಪದಗಳ ಬರ, ಒಂದನ್ನೇ ಎಲ್ಲದಕ್ಕೂ ಸವೆಸುತ್ತಾರೆ’ ಅಂತ ಹಾಕಿದ್ದಾರೆ. ಭಾವ, ಬೇಜಾರು ಮಾಡ್ಕೋಬೇಡಿ, ಇದನ್ನು ನಾನು ಒಪ್ಪಲ್ಲ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಾದಾಗ ಓದಿ.

‘ಸಿಟ್’ ಅಂದರೆ ಕೂರು. ‘ಸೆಟ್’ ಅಂದರೆ ಕೂರಿಸು. ಹಳೇ ಇಂಗ್ಲಿಷಿನಿಂದಲೂ ಇವೆರಡು ಜೋಡಿ. ನಾವು ಕೊನೆಗೆ ‘ಇಸು’ ಸೇರಿಸುತ್ತೇವೆ, ಅವರಲ್ಲಿ ಒಳಗಿನ ಸ್ವರ ಬದಲಾಗಿದೆ, ಅಷ್ಟೇ. ಇದೊಂದು ತಲೆಯಲ್ಲಿದ್ದರೆ ಎಷ್ಟೋ ಅರ್ಥ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಅಜ್ಜಿಯ ಓಲೆಯ ಹರಳು ಬಿದ್ದಾಗ ನಗರ್ತಪೇಟೆಗೆ ಹೋಗಿದ್ದೆನಲ್ಲ, ಅಕ್ಕಸಾಲಿಯ ಕೆಲಸ ನೋಡುತ್ತಾ ನಿಂತಿದ್ದೆ. ಹರಳನ್ನು ಚಿಮಟದಲ್ಲಿ ಎತ್ತಿ ಗೂಡಿನಲ್ಲಿಟ್ಟರು. ಸುತ್ತಲಿನ ಪುಟ್ಟ ಚಿನ್ನದ ಕೊಕ್ಕೆಗಳನ್ನು ಒಂದೊಂದಾಗಿ ಒತ್ತಿ ಅದರ ಮೇಲೆ ಬಗ್ಗಿಸಿದರು. ಉಗುರಿನಿಂದ ಅಲ್ಲಾಡಿಸಿ ನೋಡಿ, ‘ಕೂತ್ಕೊಂತು ನೋಡಿ’ ಅಂದರು. ಇಂಗ್ಲಿಷಿನಲ್ಲೂ ಹರಳು ಕೂರಿಸುವುದಕ್ಕೆ ಸೆಟ್ ಅಂತಲೇ ಹೇಳುವುದು. ಮುರಿದ ಮೂಳೆ ಕೂರಿಸಿದರೂ ಸೆಟ್ಟೇ. ನಾವು ಗಣಪತಿ ಕೂರಿಸುತ್ತೇವೆ, ದಸರಾಗೆ ಗೊಂಬೆ ಕೂರಿಸುತ್ತೇವೆ, ಅಲ್ವಾ? ತಾರಸಿಯ ಸಿಮೆಂಟ್ ಸೆಟ್ ಆಗುವುದು, ಸಂಜೆಯ ಸನ್‌ಸೆಟ್ ಎಲ್ಲ ಇದೇ ಪದ. ‘ಹುಡುಗ ಸೆಟ್ಲ್ ಆಗಿದ್ದಾನಾ’ ಅಂತ ಹೆಣ್ಣಿನ ಕಡೆಯವರು ಕೇಳುತ್ತಾರಲ್ಲ, ಆ ಸೆಟ್ಲ್ ಕೂಡ ಇದೇ ಬಳಗ.

ಸೆಟ್ ದೋಸೆಯ ಸೆಟ್ ಮಾತ್ರ ಬೇರೆ. ಗುಂಪು ಅನ್ನುವ ಅರ್ಥದ ಸೆಟ್ ಹಳೇ ಫ್ರೆಂಚಿನಿಂದ ಬಂದದ್ದು. ಅದರ ಮೂಲ ಲ್ಯಾಟಿನ್ನಿನ ‘ಸೆಕ್ಟಾ’. ಪಂಥಕ್ಕೆ ‘ಸೆಕ್ಟ್’ ಅನ್ನುತ್ತಾರಲ್ಲ, ಅದರ ಒಡಹುಟ್ಟು. ಮೆತ್ತಗಿನ ಪುಟ್ಟ ದೋಸೆಗಳು ಒಂದರ ಮೇಲೊಂದು, ಪಕ್ಕದಲ್ಲಿ ಸಾಗು. ಆ ತಟ್ಟೆಯ ಹೆಸರಿಗೂ ರೋಮನ್ನರಿಗೂ ನಂಟಿದೆ ಅಂದರೆ ನಂಬುತ್ತೀಯಾ? ನಿನ್ನ ಗಣಿತದ ಸೆಟ್ಟೂ ಈ ಕಡೆಯದೇ. ಎರಡೂ ಪದಗಳ ಉಚ್ಚಾರ ಒಂದೇ ಆಗಿ, ಆಮೇಲೆ ಅರ್ಥಗಳೂ ಒಂದಕ್ಕೊಂದು ಕಲೆತುಹೋದವು.

ಭಾವ, ಈಗ ನಿಮ್ಮ ಮಾತಿಗೆ ಬರುತ್ತೇನೆ. ನಮ್ಮ ‘ಕಟ್ಟು’ ತಗೊಳ್ಳಿ. ಮನೆ ಕಟ್ಟುತ್ತೇವೆ, ಹೂವು ಕಟ್ಟುತ್ತೇವೆ, ಕರೆಂಟ್ ಬಿಲ್ಲೂ ಕಟ್ಟುತ್ತೇವೆ. ಶೀತವಾದರೆ ಮೂಗು ಕಟ್ಟುತ್ತದೆ. ಜೋರು ಮಳೆ ಬಂದರೆ ನಮ್ಮ ರಸ್ತೆಯ ಮೋರಿ ಕಟ್ಟಿಕೊಳ್ಳುತ್ತದೆ. ತಡವಾಗಿ ಮನೆಗೆ ಬಂದವರು ಕಥೆ ಕಟ್ಟುತ್ತಾರೆ (ಯಾರು ಅಂತ ಅಕ್ಕನಿಗೆ ಗೊತ್ತು). ಇದನ್ನು ಪದಗಳ ಬರ ಅನ್ನುತ್ತೀರಾ? ದಿನಾ ಬಾಯಿಗೆ ಬರುವ ಚಿಕ್ಕ ಪದಕ್ಕೇ ದುಡಿಮೆ ಜಾಸ್ತಿ.

ಪುಟ್ಟಿ, ನೀನು ಹೆದರಿದ್ದರಲ್ಲಿ ತಪ್ಪಿಲ್ಲ. ಆಕ್ಸ್‌ಫರ್ಡ್‌ನ ದೊಡ್ಡ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಈ ಸೆಟ್ಟಿನದೇ, ಸುಮಾರು 60,000 ಪದ. 2011ರ ಹೊತ್ತಿಗೆ ‘ರನ್’ ಅದನ್ನು ಹಿಂದೆ ಹಾಕಿತು, 645 ಅರ್ಥಗಳೊಂದಿಗೆ. ಇಷ್ಟನ್ನೂ ಬಾಯಿಪಾಠ ಮಾಡುತ್ತಾ ಕೂರಬೇಡ. ಪಕ್ಕದಲ್ಲಿ ಯಾವ ಪದ ನಿಂತಿದೆ ನೋಡು. ‘ಸೆಟ್ ಔಟ್’ ಅಂದರೆ ಹೊರಡು. ‘ಸೆಟ್ ಅಸೈಡ್’ ಅಂದರೆ ಎತ್ತಿಡು. ಮಳೆ ‘ಸೆಟ್ ಇನ್’ ಆಯಿತು ಅಂದರೆ ಮಳೆ ಹಿಡಿಯಿತು.

‘ಅವಳಿಗೂ ನನಗೂ ಸೆಟ್ ಆಗಲ್ಲ’ ಅನ್ನುವ ಸೆಟ್ ನಾವೇ ಮಾಡಿಕೊಂಡದ್ದು, ಇಂಗ್ಲಿಷ್ ಪೇಪರಿನಲ್ಲಿ ನಡೆಯಲ್ಲ. ಹಾಗೇ, ಭೂತಕಾಲಕ್ಕೂ ‘ಸೆಟ್’ ಅಂತಲೇ ಬರಿ. ‘ಸೆಟ್ಟೆಡ್’ ಅಂದರೆ ಸುಮ್ನೆ ಮಾರ್ಕ್ಸ್ ಹೋಗುತ್ತದೆ.