ಪದಚರ್ಚೆ: ನಿಂತ ಚಿತ್ರ ತಿರುಗಿದಂತೆ ಕಾಣುವುದಕ್ಕೆ ಏನೆನ್ನುವುದು?

ಬಳಗಕ್ಕೆ ನಮಸ್ಕಾರ.

ಪುಣೆಯ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಮರಾಠಿ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇವೆ. ಜಪಾನಿನ ಮನೋವಿಜ್ಞಾನಿ ಅಕಿಯೋಶಿ ಕಿತಾವೋಕಾ ಅವರ ‘ತಿರುಗುವ ಹಾವುಗಳು’ (2003) ಚಿತ್ರದಲ್ಲಿ ಸುರುಳಿ ಸುತ್ತಿದ ಹಾವಿನಂಥ ಚಕ್ರಗಳು ತಾವಾಗಿ ತಿರುಗಿದಂತೆ ಕಾಣುತ್ತವೆ. ಅದರ ಕೆಳಗೆ ‘ಗತೀಚಾ ಆಭಾಸ’ ಎಂದಿದೆ. ‘ಚಲನಾಭಾಸ’ ಎನ್ನಬಹುದೇ? ಕೆಲವರಿಗೆ ಚಿತ್ರ ಕದಲುವುದೇ ಇಲ್ಲ. ಅದಕ್ಕೆ ‘ದೃಷ್ಟಿದೋಷ’ ಸರಿಯೇ?

ಉತ್ತರ:

‘ದೃಷ್ಟಿದೋಷ’ ಖಂಡಿತ ಬೇಡ. ಚಿತ್ರ ಕದಲದವರ ಕಣ್ಣು ನೆಟ್ಟಗೇ ಇರಬಹುದು. ಸಂಶೋಧಕರಾದ ಫ್ರೇಸರ್ ಮತ್ತು ವಿಲ್‌ಕಾಕ್ಸ್ 1979ರಲ್ಲಿ ಇದೇ ಜಾತಿಯ ಚಿತ್ರ ತೋರಿಸಿದಾಗಲೂ ಎಲ್ಲರಿಗೂ ಚಲನೆ ಕಾಣಲಿಲ್ಲ. ಕಂಡವರೂ ಒಂದೇ ದಿಕ್ಕು ಹೇಳಲಿಲ್ಲ. ವಯಸ್ಸಾದವರಿಗೆ ಸಾಮಾನ್ಯವಾಗಿ ಕಡಿಮೆ ಕಾಣುತ್ತದೆ. ಇದಕ್ಕೆ ‘ವ್ಯಕ್ತಿಭೇದ’ ಸಾಕು.

‘ಆಭಾಸ’ ಮರಾಠಿಯಲ್ಲಿ ಸಲೀಸು. ಕಾವ್ಯಶಾಸ್ತ್ರದ ರಸಾಭಾಸ, ತರ್ಕಶಾಸ್ತ್ರದ ಹೇತ್ವಾಭಾಸ ಬಲ್ಲವರಿಗೆ ನಮ್ಮಲ್ಲೂ ತೊಡಕಿಲ್ಲ. ಆದರೆ ಆಡುಮಾತಿನಲ್ಲಿ ‘ಆಭಾಸವಾಯಿತು’ ಎಂದರೆ ಮುಜುಗರವಾಯಿತು ಎಂದೇ. ಮಕ್ಕಳು ಹಾಗೇ ಓದಿಕೊಳ್ಳುತ್ತಾರೆ. ‘ಭ್ರಮೆ’ ನೋಡುವವರ ತಲೆಯನ್ನೇ ಅನುಮಾನಿಸುತ್ತದೆ. ‘ಕಣ್ಕಟ್ಟು’ ಜಾದೂಗಾರನಿಗೆ ಇರಲಿ. ನನ್ನ ಮತ ‘ತೋರಿಕೆಯ ಚಲನೆ’ಗೆ. ಒಂದು ಎಚ್ಚರಿಕೆ: ಎರಡು ದೀಪ ಸರದಿಯಲ್ಲಿ ಹೊತ್ತಿ ಆರಿದಾಗ ಒಂದೇ ದೀಪ ಓಡಿದಂತೆ ಕಾಣುವುದಕ್ಕೂ (ಮನೋವಿಜ್ಞಾನಿ ವರ್ತೈಮರ್ 1912ರಲ್ಲಿ ವಿವರಿಸಿದ್ದು) ಇದೇ ಹೆಸರು ಒಪ್ಪುತ್ತದೆ. ಹಾಗಾಗಿ ಇಲ್ಲಿ ‘ಸ್ಥಿರಚಿತ್ರದಲ್ಲಿ’ ಎಂದು ಸೇರಿಸಿ. ಮುಂಬೈನ ದಾದರ್ ನಿಲ್ದಾಣದಲ್ಲಿ ಪಕ್ಕದ ಲೋಕಲ್ ರೈಲು ಹೊರಟಾಗ ನಮ್ಮದೇ ಹೊರಟಂತೆ ಅನ್ನಿಸುತ್ತದಲ್ಲ, ಅದು ಬೇರೆ. ಅಲ್ಲಿ ಯಾವುದೋ ಒಂದು ನಿಜವಾಗಿ ಚಲಿಸುತ್ತಿದೆ. ಅದನ್ನು ‘ಪ್ರೇರಿತ ಚಲನೆ’ ಎನ್ನಿ.

ಪದಕ್ಕಿಂತ ಮುದ್ರಣವೇ ಹೆಚ್ಚು ಕೈಕೊಡುತ್ತದೆ. ಬಣ್ಣಗಳ ಸರದಿ ಕಪ್ಪು, ಕಡುನೀಲಿ, ಬಿಳಿ, ಹಳದಿ. ಚಲನೆ ತೋರುವುದೂ ಅದೇ ಕ್ರಮದಲ್ಲಿ. ಕೆಲಸ ಮಾಡುವುದು ಬಣ್ಣವಲ್ಲ, ಹೊಳಪಿನ ಮೆಟ್ಟಿಲು. ಬೂದುಬಣ್ಣದಲ್ಲೂ ನಡೆಯುತ್ತದೆ, ಆದರೆ ಅಗ್ಗದ ಜೆರಾಕ್ಸಿನಲ್ಲಿ ನೀಲಿ ಕಪ್ಪಿಗೆ ಅಂಟಿಕೊಂಡರೆ ಹಾವು ಸತ್ತಂತೆ. ಮಂದ ಬೆಳಕಿನ ಮೂಲೆ ಬೇಡ. ಚಿತ್ರ ಚಿಕ್ಕದಾದರೆ ಎಲ್ಲವೂ ದೃಷ್ಟಿಯ ನಡುವೆಯೇ ಬೀಳುತ್ತದೆ, ಚಲನೆ ಸೊರಗುತ್ತದೆ. ಅದು ಜೋರಾಗಿ ಕಾಣುವುದು ಓರೆನೋಟಕ್ಕೆ.

ಕ್ರಿಯಾಪದವೂ ಮುಖ್ಯ: ‘ತಿರುಗುತ್ತದೆ’ ಎಂದು ಬರೆದರೆ ಕಾಣದ ಮಗು ತನ್ನಲ್ಲೇ ಏನೋ ಐಬು ಎಂದುಕೊಳ್ಳುತ್ತದೆ. ಫಲಕಕ್ಕೆ ಹೀಗೆ ಬರೆಯಬಹುದು:

‘ಒಂದೇ ಕಡೆ ದಿಟ್ಟಿಸಬೇಡಿ. ಕಣ್ಣನ್ನು ಚಿತ್ರದ ತುಂಬ ಓಡಾಡಿಸಿ, ರೆಪ್ಪೆ ಬಡಿಯಿರಿ. ನೇರ ನೋಡುತ್ತಿರುವ ಚಕ್ರ ನಿಂತು, ಪಕ್ಕದವು ತಿರುಗಿದಂತೆ ಕಾಣಬಹುದು. ಕೆಲವರಿಗೆ ಕಾಣುವುದಿಲ್ಲ.’