ಅಪ್‌ಡೇಟ್: ಭದ್ರಾವತಿಗೆ ಪೋಸ್ಟಿಂಗ್, ಮನೆ ಎಲ್ಲಿ ಮಾಡುವುದು?

ಭದ್ರಾವತಿಯ ಆರ್‌ಎಎಫ್ (ಸಿಆರ್‌ಪಿಎಫ್‌ನ ಕ್ಷಿಪ್ರ ಕಾರ್ಯಪಡೆ) ಬೆಟಾಲಿಯನ್‌ಗೆ ವರ್ಗವಾದ ಕುಟುಂಬ ಅಲ್ಲೇ ಮನೆ ಹಿಡಿಯಬೇಕೋ, ಶಿವಮೊಗ್ಗದಲ್ಲೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಶಿವಮೊಗ್ಗದ ವಿನೋಬನಗರದ ಕಡೆ ಮನೆ ನೋಡುತ್ತಿದ್ದೇವೆ.

ನಿರ್ಧಾರ ಮಾಡಿಸಿದ್ದು ಶಿವಮೊಗ್ಗದ ಕೇಂದ್ರೀಯ ವಿದ್ಯಾಲಯ (ಕೆ.ವಿ.). ಅಲ್ಲಿ ಕೇಂದ್ರ ನೌಕರರ ಮಕ್ಕಳಿಗೆ ಮೊದಲ ಆದ್ಯತೆ; ಅವರೊಳಗೆ ಕಳೆದ 7 ವರ್ಷಗಳ ವರ್ಗಾವಣೆಗಳ ಸಂಖ್ಯೆ ನೋಡುತ್ತಾರೆ. ಆದರೆ ಒಂದು ಊರಲ್ಲಿ ಕನಿಷ್ಠ 6 ತಿಂಗಳು ಇದ್ದು, ಕನಿಷ್ಠ 20 ಕಿ.ಮೀ. ದೂರ ಹೋಗಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಹಳೆಯ ಪೋಸ್ಟಿಂಗ್‌ಗಳ ದಿನಾಂಕ ಸಮೇತ ಪಟ್ಟಿಗೆ ಕಚೇರಿ ಮುಖ್ಯಸ್ಥರ ಸಹಿ, ಮೊಹರು ಮೊದಲೇ ಹಾಕಿಸಿಡಿ. ಸೀಟು ಕೈತಪ್ಪುವುದು ಹೆಚ್ಚಾಗಿ ಇಂಥ ಕಾಗದ ಇಲ್ಲದ್ದಕ್ಕೇ. ಈಗಾಗಲೇ ಕೆ.ವಿ.ಯಲ್ಲಿ ಓದುತ್ತಿರುವ ಮಗುವಿಗೆ ಟಿ.ಸಿ. ಜೊತೆ ವರ್ಗಾವಣೆ ಆದೇಶವೂ ಬೇಕು.

ವಯಸ್ಸಿನ ವಿಚಾರದಲ್ಲಿ ಎಚ್ಚರ: ಒಂದನೇ ತರಗತಿಗೆ ಕೆ.ವಿ.ಯಲ್ಲಿ ಮಾರ್ಚ್ 31ಕ್ಕೆ 6 ವರ್ಷ ತುಂಬಿರಬೇಕು. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಲೆಕ್ಕ ಜೂನ್ 1ಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿದ ಮಕ್ಕಳಿಗೆ ಕೆ.ವಿ.ಯಲ್ಲಿ ಒಂದು ವರ್ಷ ಹೋಗುತ್ತದೆ.

ಗಾಜನೂರಿನ ನವೋದಯದ (ಕೇಂದ್ರದ ವಸತಿ ಶಾಲೆ) ಆಸೆಯಿದ್ದವರು ಮಾತ್ರ ಬೇರೆ ರೀತಿ ಯೋಚಿಸಿ. ಆರನೇ ತರಗತಿಯ ಸೀಟುಗಳಲ್ಲಿ ಕನಿಷ್ಠ ಶೇ. 75 ಗ್ರಾಮೀಣರಿಗೆ, ಅದಕ್ಕೆ 3, 4, 5ನೇ ತರಗತಿಯನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಅಂಥವರಿಗೆ ನಗರದೊಳಗಿನ ಮನೆಗಿಂತ ಪಂಚಾಯಿತಿ ವ್ಯಾಪ್ತಿಯ ಮನೆ, ಶಾಲೆಯೇ ಒಳ್ಳೆಯದು.

ಬಾಡಿಗೆ ಮುಂಗಡ ಕೊಡುವ ಮುಂಚೆ ಶಾಲಾ ವಾಹನ ಆ ಬೀದಿಗೆ ಬರುತ್ತದೆಯೇ ಎಂದು ಚಾಲಕರನ್ನೇ ಕೇಳಿ. ಜುಲೈ ಮಳೆಯಲ್ಲಿ ಮುಖ್ಯರಸ್ತೆವರೆಗೆ ಮಗು ನಡೆಯುವುದು ಸುಲಭವಲ್ಲ.